ಹರಾಜಿನಲ್ಲಿ ಆರ್‌ಸಿಬಿ ದುಡ್ಡು ಹಾಳು ಮಾಡಿತೇ? ಫಾರ್ವರ್ಡ್‌ಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

ಪ್ರತಿ ಐಪಿಎಲ್ ಹರಾಜು ಮುಗಿದ ರಾತ್ರಿಯೇ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಆರ್‌ಸಿಬಿಯ ವಿಚಾರಣೆ ಶುರುವಾಗುತ್ತದೆ. ಬೆಂಗಳೂರಾದರೇನು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಾದರೇನು, ದೂರುಗಳು ಒಂದೇ: ಬೇಡದವರಿಗೆ ಕೋಟಿ ಸುರಿದರು, ಬೇಕಾದವರನ್ನು ಬಿಟ್ಟರು, ಕನ್ನಡಿಗರನ್ನು ಮರೆತರು. 2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆದ ಮೆಗಾ ಹರಾಜಿನ ನಂತರ ಈ ಕೂಗು ಜೋರಾಗಿತ್ತು. ಆರು ತಿಂಗಳ ನಂತರ ಅದೇ ತಂಡ ಕಪ್ ಗೆದ್ದಿತು. ಹಾಗಾದರೆ ಟೀಕೆಗಳೆಲ್ಲ ಸುಳ್ಳೇ? ಒಂದೊಂದಾಗಿ ನೋಡೋಣ.

ದುಡ್ಡಿನ ಲೆಕ್ಕ ಏನು?

2025ರ ಸೀಸನ್‌ಗೆ ಪ್ರತಿ ತಂಡಕ್ಕೆ ಆಟಗಾರರ ಮೇಲೆ ಖರ್ಚು ಮಾಡಲು ಇದ್ದ ಮಿತಿ 120 ಕೋಟಿ ರೂ. ಆರ್‌ಸಿಬಿ ವಿರಾಟ್ ಕೊಹ್ಲಿ (21 ಕೋಟಿ), ರಜತ್ ಪಾಟಿದಾರ್ (11 ಕೋಟಿ), ಯಶ್ ದಯಾಳ್ (5 ಕೋಟಿ) ಅವರನ್ನು ಉಳಿಸಿಕೊಂಡಿತು. ಬಾಕಿ 83 ಕೋಟಿಯೊಂದಿಗೆ ಹರಾಜಿಗೆ ಹೋಗಿ 19 ಆಟಗಾರರನ್ನು ಕೊಂಡಿತು. ಕೊನೆಗೆ ಉಳಿದದ್ದು 75 ಲಕ್ಷ ಮಾತ್ರ. ಹಾಗಾಗಿ ತಂಡ ದುಡ್ಡು ಬಿಚ್ಚಲೇ ಇಲ್ಲ ಎಂಬ ಮಾತು ಸುಳ್ಳು.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಹರಾಜಿನ ಮೊತ್ತ ಮೂರು ವರ್ಷಕ್ಕೆ ಒಟ್ಟಿಗೆ ಕೊಡುವ ದುಡ್ಡಲ್ಲ, ಅದು ಒಂದು ಸೀಸನ್‌ನ ಸಂಭಾವನೆ.

ಟೀಕೆ 1: ದೊಡ್ಡ ಸ್ಟಾರ್‌ಗಳನ್ನು ಕೊಳ್ಳಲಿಲ್ಲ

ಇದು ನಿಜ. ಆದರೆ ಅದು ತಪ್ಪಾಗಿತ್ತೇ? ಆ ಹರಾಜಿನಲ್ಲಿ ಲಖನೌ ತಂಡ ರಿಷಭ್ ಪಂತ್ ಒಬ್ಬರಿಗೇ 27 ಕೋಟಿ ಕೊಟ್ಟಿತು. ಆರ್‌ಸಿಬಿ ಅಷ್ಟೇ ದುಡ್ಡಿನಲ್ಲಿ ಜೋಶ್ ಹೇಜಲ್‌ವುಡ್ (12.5 ಕೋಟಿ), ಫಿಲ್ ಸಾಲ್ಟ್ (11.5 ಕೋಟಿ), ಟಿಮ್ ಡೇವಿಡ್ (3 ಕೋಟಿ) ಮೂವರನ್ನೂ ಕೊಂಡಿತು. ಹೇಜಲ್‌ವುಡ್ 12 ಪಂದ್ಯಗಳಲ್ಲಿ 22 ವಿಕೆಟ್ ಪಡೆದರು, ಸಾಲ್ಟ್ 403 ರನ್ ಹೊಡೆದರು. ಪಂತ್ 14 ಪಂದ್ಯಗಳಲ್ಲಿ ಗಳಿಸಿದ್ದು 269 ರನ್, ಅದರಲ್ಲಿ 118 ಕೊನೆಯ ಲೀಗ್ ಪಂದ್ಯದಲ್ಲಿ ಆರ್‌ಸಿಬಿ ವಿರುದ್ಧವೇ ಬಂದವು.

ಜಿತೇಶ್ ಶರ್ಮಾಗೆ 11 ಕೋಟಿ ಯಾಕೆ ಎಂದು ಕೇಳಿದವರೂ ಬಹಳ. 228 ರನ್ ಬೆನ್ನಟ್ಟಬೇಕಿದ್ದ ಅದೇ ಪಂದ್ಯದಲ್ಲಿ ಅವರು 33 ಎಸೆತಕ್ಕೆ ಔಟಾಗದೆ 85 ಬಾರಿಸಿ ತಂಡವನ್ನು ಮೊದಲ ಎರಡು ಸ್ಥಾನದೊಳಗೆ ತಂದರು.

ಟೀಕೆ 2: ದುಡ್ಡು ವ್ಯರ್ಥವಾಯಿತು

ಭಾಗಶಃ ನಿಜ. 8.75 ಕೋಟಿಯ ಲಿಯಾಮ್ ಲಿವಿಂಗ್‌ಸ್ಟನ್ 10 ಪಂದ್ಯಗಳಲ್ಲಿ 112 ರನ್ ಮಾಡಿದರು, ಮುಂದಿನ ಸೀಸನ್‌ಗೆ ತಂಡ ಅವರನ್ನು ಬಿಟ್ಟಿತು. 6 ಕೋಟಿಯ ರಸಿಕ್ ದಾರ್ ಆಡಿದ್ದು ಎರಡೇ ಪಂದ್ಯ. ಇಬ್ಬರಿಗೂ ಸೇರಿ 14.75 ಕೋಟಿ.

ಹಳೆಯ ಉದಾಹರಣೆಗಳೂ ಇವೆ. 2021ರಲ್ಲಿ ಕೈಲ್ ಜೇಮಿಸನ್‌ಗೆ 15 ಕೋಟಿ ಕೊಟ್ಟರು, 9 ಪಂದ್ಯಗಳಲ್ಲಿ 9 ವಿಕೆಟ್ ಬಂದವು. 2023ರ ಡಿಸೆಂಬರ್‌ನಲ್ಲಿ ಅಲ್ಜಾರಿ ಜೋಸೆಫ್‌ಗೆ 11.5 ಕೋಟಿ ಕೊಟ್ಟರು, ಮೂರು ಪಂದ್ಯದಲ್ಲಿ ಸಿಕ್ಕಿದ್ದು ಒಂದು ವಿಕೆಟ್. ಇನ್ನೊಂದು ಕಡೆ, 2022ರ ಹರಾಜಿಗೆ ಮೊದಲು ಕೈಬಿಟ್ಟ ಯಜುವೇಂದ್ರ ಚಾಹಲ್ ರಾಜಸ್ಥಾನಕ್ಕೆ 6.5 ಕೋಟಿಗೆ ಹೋಗಿ, ಆ ವರ್ಷ 27 ವಿಕೆಟ್‌ಗಳೊಂದಿಗೆ ಪರ್ಪಲ್ ಕ್ಯಾಪ್ ಗೆದ್ದರು. ಅಭಿಮಾನಿಗಳ ಅನುಮಾನಕ್ಕೆ ಇಂಥ ಕಾರಣಗಳಿದ್ದವು.

ಟೀಕೆ 3: ಆರ್‌ಟಿಎಂ ಇದ್ದರೂ ಸಿರಾಜ್‌ನ ಬಿಟ್ಟರು

ಆರ್‌ಟಿಎಂ ಎಂದರೆ, ಬೇರೆ ತಂಡ ಕೂಗಿದ ಬೆಲೆಯನ್ನೇ ಕೊಟ್ಟು ಹಳೆಯ ತಂಡ ತನ್ನ ಆಟಗಾರನನ್ನು ವಾಪಸ್ ಪಡೆಯುವ ಅವಕಾಶ. ಆರ್‌ಸಿಬಿ ಕೈಯಲ್ಲಿ ಅಂಥ ಮೂರು ಇದ್ದವು. ಆದರೆ ಈ ಸಲ ನಿಯಮ ಬದಲಾಗಿತ್ತು: ಹಳೆಯ ತಂಡ ಆರ್‌ಟಿಎಂ ಬಳಸುತ್ತೇನೆ ಎಂದ ಕೂಡಲೇ ಎದುರಾಳಿ ತಂಡ ಇನ್ನೊಮ್ಮೆ ಬೆಲೆ ಏರಿಸಬಹುದು, ಆ ಏರಿಸಿದ ಬೆಲೆಯನ್ನೇ ಕೊಡಬೇಕು. ಮೊಹಮ್ಮದ್ ಸಿರಾಜ್ ಗುಜರಾತ್‌ಗೆ ಹೋದದ್ದು 12.25 ಕೋಟಿಗೆ. ಆರ್‌ಟಿಎಂ ಬಳಸಿದ್ದರೆ ಅದಕ್ಕಿಂತಲೂ ಹೆಚ್ಚು ಕೊಡಬೇಕಾಗಿ ಬರುವ ಸಾಧ್ಯತೆ ಇತ್ತು. ಹೇಜಲ್‌ವುಡ್ ಮತ್ತು ಭುವನೇಶ್ವರ್ ಕುಮಾರ್ (10.75 ಕೋಟಿ) ಜೊತೆಗೆ ಇವರೂ ಬೇಕೆಂದರೆ ಬೇರೆ ಕಡೆ ಕೈ ಬಿಗಿ ಮಾಡಬೇಕಿತ್ತು. ಸಿರಾಜ್ ಏಪ್ರಿಲ್ 2ರಂದು ಚಿನ್ನಸ್ವಾಮಿಯಲ್ಲೇ ಆರ್‌ಸಿಬಿಯ ಮೂರು ವಿಕೆಟ್ ಕಿತ್ತಾಗ ಹೊಟ್ಟೆ ಉರಿದದ್ದು ಸಹಜವೇ. ಆದರೆ ಬಿಟ್ಟದ್ದಕ್ಕೆ ಲೆಕ್ಕಾಚಾರವೇ ಇರಲಿಲ್ಲ ಎನ್ನಲಾಗದು.

ಟೀಕೆ 4: ಕನ್ನಡಿಗರನ್ನು ಮರೆತರು

ಈ ಟೀಕೆಯಲ್ಲಿ ಹುರುಳಿದೆ. ಕೆ.ಎಲ್. ರಾಹುಲ್‌ಗೆ ಆರ್‌ಸಿಬಿ ಒಂದು ಹಂತದವರೆಗೆ ಕೂಗಿ ಬಿಟ್ಟಿತು, ದೆಹಲಿ 14 ಕೋಟಿಗೆ ಕೊಂಡಿತು. ಅವರು ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲೇ ಆರ್‌ಸಿಬಿ ವಿರುದ್ಧ ಔಟಾಗದೆ 93 ಹೊಡೆದರು. ಗುಜರಾತ್ 9.5 ಕೋಟಿಗೆ ಕೊಂಡ ಪ್ರಸಿದ್ಧ್ ಕೃಷ್ಣ 25 ವಿಕೆಟ್‌ಗಳೊಂದಿಗೆ ಪರ್ಪಲ್ ಕ್ಯಾಪ್ ಪಡೆದರು.

ಆದರೆ ಒಬ್ಬ ಕನ್ನಡಿಗನನ್ನೂ ಕೊಳ್ಳಲಿಲ್ಲ ಎಂಬ ಮಾತು ಸುಳ್ಳು. ದೇವದತ್ತ ಪಡಿಕ್ಕಲ್ (2 ಕೋಟಿ) ಮತ್ತು ಮನೋಜ್ ಭಾಂಡಗೆ (30 ಲಕ್ಷ) ತಂಡದಲ್ಲಿದ್ದರು. ಪಡಿಕ್ಕಲ್ 10 ಪಂದ್ಯಗಳಲ್ಲಿ 247 ರನ್ ಮಾಡಿ ಗಾಯಗೊಂಡಾಗ ಬಂದ ಮಯಾಂಕ್ ಅಗರ್ವಾಲ್ ಫೈನಲ್‌ನಲ್ಲೂ ಆಡಿದರು.

ಐಪಿಎಲ್‌ನ ಆರಂಭದ ದಿನಗಳಲ್ಲಿ ಸ್ಥಳೀಯ ಆಟಗಾರರು ಇರಲೇಬೇಕೆಂಬ ನಿಯಮವಿತ್ತು, ಈಗ ಇಲ್ಲ. ನಮ್ಮ ದಾವಣಗೆರೆಯ ಆರ್. ವಿನಯ್ ಕುಮಾರ್ ಅವರನ್ನೇ ನೋಡಿ: ಕರ್ನಾಟಕಕ್ಕೆ ಸತತ ಎರಡು ರಣಜಿ ಟ್ರೋಫಿ ಗೆದ್ದುಕೊಟ್ಟ ನಾಯಕ. ಐಪಿಎಲ್‌ನಲ್ಲಿ ಬೆಂಗಳೂರಿನ ಜೊತೆಗೆ ಕೊಚ್ಚಿ, ಕೋಲ್ಕತ್ತ, ಮುಂಬೈಗೂ ಆಡಿದರು. ಸ್ಥಳೀಯ ಹುಡುಗರಿಗೆ ಹೆಚ್ಚು ಅವಕಾಶ ಕೊಡಿ ಎಂದು ಅಭಿಮಾನಿಗಳು ಕೇಳುವುದು ನ್ಯಾಯವೇ. ಆದರೆ ಅದು ಬೇಡಿಕೆ, ತಂಡ ಮುರಿದ ನಿಯಮವಲ್ಲ.

ಬೆಲೆ ಎಂದರೆ ಯೋಗ್ಯತೆಯೇ?

ಚನ್ನಗಿರಿಯ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೇ ರಾಶಿ ಅಡಿಕೆಗೆ ಈ ವಾರದ ಟೆಂಡರ್‌ನಲ್ಲಿ ಒಂದು ರೇಟು, ಮುಂದಿನ ವಾರ ಇನ್ನೊಂದು. ಅಡಿಕೆ ಬದಲಾಗಿರುವುದಿಲ್ಲ, ಕೊಳ್ಳುವವರ ಅಗತ್ಯ ಬದಲಾಗಿರುತ್ತದೆ. ಆಟಗಾರರ ಹರಾಜೂ ಹೀಗೇ. 2024ರಲ್ಲಿ 23.75 ಕೋಟಿಗೆ ಕೋಲ್ಕತ್ತ ಪಾಲಾದ ವೆಂಕಟೇಶ್ ಅಯ್ಯರ್, 2025ರ ಡಿಸೆಂಬರ್‌ನಲ್ಲಿ ಆರ್‌ಸಿಬಿಗೆ 7 ಕೋಟಿಗೆ ಸಿಕ್ಕರು. ಅದೇ ಹರಾಜಿನಲ್ಲಿ ಆರ್‌ಸಿಬಿ ಬಿಟ್ಟ ಲಿವಿಂಗ್‌ಸ್ಟನ್‌ಗೆ ಹೈದರಾಬಾದ್ 13 ಕೋಟಿ ಕೊಟ್ಟಿತು.

ಕಪ್ ಗೆದ್ದರೆ ಎಲ್ಲವೂ ಸರಿಯೇ?

ಅದೂ ಅಲ್ಲ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಆರ್‌ಸಿಬಿ ಪಂಜಾಬ್ ವಿರುದ್ಧ ಗೆದ್ದದ್ದು 6 ರನ್‌ಗಳಿಂದ, ಅಂದರೆ ಒಂದು ಸಿಕ್ಸರ್‌ನ ಅಂತರ. ಪಂದ್ಯಶ್ರೇಷ್ಠರಾದದ್ದು 4 ಓವರ್‌ಗಳಲ್ಲಿ 17 ರನ್‌ಗೆ 2 ವಿಕೆಟ್ ಪಡೆದ, 5.75 ಕೋಟಿಯ ಕೃನಾಲ್ ಪಾಂಡ್ಯ. ಆ ಸಿಕ್ಸರ್ ಬಿದ್ದಿದ್ದರೂ ಹರಾಜಿನ ಆಯ್ಕೆಗಳು ಅವೇ ಇರುತ್ತಿದ್ದವು, ಫಾರ್ವರ್ಡ್‌ಗಳು ಮಾತ್ರ ಬೇರೆ ಇರುತ್ತಿದ್ದವು.

ಫಾರ್ವರ್ಡ್ ಮಾಡುವ ಮೊದಲು

- ಒಬ್ಬರ ಬೆಲೆ ನೋಡಬೇಡಿ, ಅದೇ ದುಡ್ಡಿಗೆ ಇನ್ಯಾರು ಸಿಗುತ್ತಿದ್ದರು ಎಂದು ನೋಡಿ.
- ವಿದೇಶಿಯರ ಮಿತಿ ನೆನಪಿರಲಿ: ತಂಡದಲ್ಲಿ 8, ಆಡುವ ಹನ್ನೊಂದರಲ್ಲಿ 4.
- ಮೊತ್ತವನ್ನು ಐಪಿಎಲ್‌ನ ಅಧಿಕೃತ ವೆಬ್‌ಸೈಟ್‌ನಲ್ಲಿ ಒಮ್ಮೆ ಹೋಲಿಸಿ.
- ತಂಡದ ಆಯ್ಕೆಯನ್ನು ಎಷ್ಟು ಬೇಕಾದರೂ ಟೀಕಿಸಿ. ಆಟಗಾರನನ್ನು, ಅವನ ಮನೆಯವರನ್ನು ಬೈಯುವ ಮೆಸೇಜ್ ಬಂದರೆ ಅಲ್ಲಿಗೇ ನಿಲ್ಲಿಸಿ. ಬೆಲೆ ಕೂಗಿದ್ದು ತಂಡ, ಆಟಗಾರನಲ್ಲ.

ಒಟ್ಟಾರೆ: 2024ರ ಹರಾಜಿನಲ್ಲಿ ಆರ್‌ಸಿಬಿ ದುಡ್ಡು ಹಾಳು ಮಾಡಿತು ಎಂಬ ಮಾತು ಬಹುಪಾಲು ತಪ್ಪು. ಒಂದೆರಡು ಆಯ್ಕೆಗಳ ಬಗೆಗಿನ ಟೀಕೆ ಸರಿ. ಕನ್ನಡಿಗರ ಬಗೆಗಿನ ಅಸಮಾಧಾನಕ್ಕೆ ಆಧಾರವಿದೆ, ಆದರೆ ಒಬ್ಬರನ್ನೂ ಕೊಳ್ಳಲಿಲ್ಲ ಎಂಬುದು ಸುಳ್ಳು.