‘ಗಿವ್ ಅಪ್’: ಕೊಡುವುದು ಮತ್ತು ಬಿಡುವುದು

‘ಗಿವ್ ಅಪ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ‘ತ್ಯಜಿಸು’ ಎಂದು ಅರ್ಥ ಹೇಳಿಕೊಡುತ್ತೇವೆ. ಆದರೆ ಈ ಪದದಲ್ಲಿ ಮೊದಲು ಇದ್ದದ್ದು ತ್ಯಾಗವಲ್ಲ, ಒಪ್ಪಿಸುವಿಕೆ.

ಇದರ ಅತಿ ಹಳೆಯ ಬಳಕೆಗಳಲ್ಲೊಂದು 12ನೇ ಶತಮಾನದ ‘ಪೀಟರ್‌ಬರೋ ಕ್ರಾನಿಕಲ್’ನಲ್ಲಿದೆ. ಇಂಗ್ಲೆಂಡಿನ ದೊರೆ ಸ್ಟೀಫನ್ ಸಾಲ್ಸ್‌ಬರಿಯ ಬಿಷಪ್ ರೋಜರನನ್ನೂ ಅವನ ಬಂಧುಗಳನ್ನೂ ಸೆರೆಗೆ ಹಾಕಿ, ಅವರು ಕೋಟೆಗಳನ್ನು ಒಪ್ಪಿಸುವವರೆಗೂ ಬಿಡಲಿಲ್ಲ ಎನ್ನುವಲ್ಲಿ ಈ ಕ್ರಿಯಾಪದ ಬಂದಿದೆ. ಅಲ್ಲಿ ಕೊಡುವವರ ಎದುರಿಗೆ ಪಡೆಯುವ ದೊರೆಯೂ ಇದ್ದಾನೆ. ಧೂಮಪಾನ, ಪ್ರಯತ್ನ, ಆಸೆಗಳ ವಿಷಯದಲ್ಲಿ ಅಂಥ ಪಡೆಯುವವನಿಲ್ಲ. ‘ಕೊಡು’ ಎಂಬ ಅರ್ಥ ಅಲ್ಲಿ ಕರಗಿ, ‘ಬಿಡು’ ಮಾತ್ರ ಉಳಿಯುತ್ತದೆ.

ವಾಕ್ಯರಚನೆಯಲ್ಲೂ ಈ ಭೇದ ಕಾಣುತ್ತದೆ. ಸೀಟನ್ನು ಯಾರಿಗೆ ಕೊಟ್ಟದ್ದೆಂದು ‘ಟು’ ಸೇರಿಸಿ ಹೇಳಬಹುದು. ಚಟ ಬಿಟ್ಟದ್ದನ್ನು ಹೇಳುವಾಗ ‘ಗಿವ್ ಅಪ್ ಸ್ಮೋಕಿಂಗ್’ ಎನ್ನಬೇಕು. ‘ಗಿವ್ ಅಪ್ ಟು ಸ್ಮೋಕ್’ ಎಂದರೆ ತಪ್ಪು. ‘ಇಟ್’ನಂಥ ಸರ್ವನಾಮ ಮಾತ್ರ ಎರಡೂ ಅರ್ಥಗಳಲ್ಲಿ ನಡುವೆಯೇ ಬರುತ್ತದೆ: ‘ಗಿವ್ ಇಟ್ ಅಪ್’.

ಇಂಗ್ಲಿಷ್ ಒಂದೇ ರೂಪದಲ್ಲಿ ಅಡಗಿಸಿಟ್ಟದ್ದನ್ನು ಕನ್ನಡ ಎರಡಾಗಿ ಬಿಡಿಸಿ ಹೇಳುತ್ತದೆ: ‘ಬಿಟ್ಟುಕೊಡು’ ಮತ್ತು ‘ಬಿಡು’. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯಲ್ಲಿ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ‘ಬಿಟ್ಟುಕೊಡಲು’ ಒಪ್ಪಲಿಲ್ಲ. ಇಲ್ಲಿ ‘ತ್ಯಜಿಸಲು’ ಎಂದು ಅನುವಾದಿಸಿದರೆ, ಯಾವ ಬಿಳಿಯ ಪ್ರಯಾಣಿಕನಿಗಾಗಿ ಆಕೆ ಏಳಬೇಕಿತ್ತೋ ಅವನೇ ಮಾಯವಾಗುತ್ತಾನೆ. ಅವನೊಡನೆ ಅನ್ಯಾಯದ ಸುಳಿವೂ ಅಳಿಸಿಹೋಗುತ್ತದೆ. ಇದು ಸಣ್ಣ ಲೋಪವಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಅಡುಗೆ ಅನಿಲದ ‘ಗಿವ್ ಇಟ್ ಅಪ್’ ಅಭಿಯಾನಕ್ಕೂ ‘ಸಬ್ಸಿಡಿ ಬಿಟ್ಟುಕೊಡಿ’ ಎಂಬುದೇ ಸರಿಯಾದ ಕನ್ನಡ. ಉಳ್ಳವರು ಬಿಟ್ಟದ್ದು ಬಡ ಕುಟುಂಬಗಳಿಗೆ ಸಲ್ಲಬೇಕೆಂಬುದು ಅದರ ಆಶಯವಾಗಿತ್ತು.

ಪಡೆಯುವವರಿಲ್ಲದ ಕಡೆ ಕನ್ನಡದ ಬಗೆಗಳು ಇನ್ನೂ ಹೆಚ್ಚು. ಕಾಫಿಯನ್ನು ಬಿಡುತ್ತೇವೆ, ಯೋಜನೆಯನ್ನು ಕೈಬಿಡುತ್ತೇವೆ. ರೋಗಿ ಉಳಿಯುವುದಿಲ್ಲವೆಂದು ತಿಳಿದಾಗ ವೈದ್ಯರು ಕೈಚೆಲ್ಲುತ್ತಾರೆ. ‘ಗಿವ್ ಅಪ್ ಆನ್’ ಎಂಬ ರೂಪದಲ್ಲಿರುವ ನಿರಾಸೆಗೆ ‘ಇವನು ತಿದ್ದಿಕೊಳ್ಳುತ್ತಾನೆಂಬ ಆಸೆ ಬಿಟ್ಟೆ’ ಎನ್ನುವುದೇ ಹತ್ತಿರದ ಮಾತು. ‘ತ್ಯಜಿಸು’ ಎಂಬುದಕ್ಕೆ ಸಂನ್ಯಾಸದ, ಸಿಂಹಾಸನದ ಗಾಂಭೀರ್ಯವಿದೆ. ದಿನಬಳಕೆಯ ಸಂಗತಿಗಳಿಗೆ ಅದು ಒಗ್ಗುವುದಿಲ್ಲ.

ಆದ್ದರಿಂದ ನಿಘಂಟುಕಾರರಲ್ಲಿ ನನ್ನ ವಿನಂತಿ: ‘ಗಿವ್ ಅಪ್’ ನಮೂದನ್ನು ಎರಡಾಗಿ ಒಡೆಯಿರಿ, ‘ಬಿಟ್ಟುಕೊಡು, ಒಪ್ಪಿಸು’ ಎಂಬುದನ್ನು ಮೊದಲ ಅರ್ಥವಾಗಿ ಕೊಡಿ.