ಸೂಜಿಯ ಭಯ: ಮನೆಯಲ್ಲೇ ಚುಚ್ಚುಮದ್ದು ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಿಗೆ

ಕ್ಯಾನ್ಸರ್ ಚಿಕಿತ್ಸೆಗೆಂದು ಕಾಸರಗೋಡಿನವರು ಮಂಗಳೂರಿಗೋ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗೋ ಹೋಗುತ್ತಾರೆ. ಸೊಲ್ಲಾಪುರದ ಕಡೆಯವರು ಬಾರ್ಶಿಗೆ ಹೋಗುವುದುಂಟು. ಕೀಮೊಥೆರಪಿ ಮುಗಿಸಿ ಊರಿಗೆ ಮರಳಿದ ಬಳಿಕವೂ ಕೆಲವರು ಮನೆಯಲ್ಲಿಯೇ ಚುಚ್ಚುಮದ್ದು ತೆಗೆದುಕೊಳ್ಳಬೇಕಾಗುತ್ತದೆ. ಆಸ್ಪತ್ರೆಯಲ್ಲಿ ದಾದಿ ಚುಚ್ಚಿದಾಗ ಸಹಿಸಿಕೊಂಡವರಿಗೂ ಸ್ವತಃ ಸೂಜಿ ಹಿಡಿದಾಗ ಕೈ ನಡುಗಬಹುದು. ಇದು ಹೇಡಿತನವಲ್ಲ, ದೇಹದ ಸಹಜ ಪ್ರತಿಕ್ರಿಯೆ. ಆದರೆ ಭಯಕ್ಕೆ ಸೋತು ಮದ್ದನ್ನು ತಪ್ಪಿಸಿ, ಅದನ್ನು ವೈದ್ಯರಿಂದ ಮರೆಮಾಡುವುದು ಅಪಾಯಕಾರಿ.

ಈ ಮದ್ದು ಏಕೆ ಬೇಕು?

ಕೀಮೊಥೆರಪಿಯ ಔಷಧಗಳಿಂದ ಅಸ್ಥಿಮಜ್ಜೆಯ ಕೆಲಸ ಕುಂಠಿತವಾಗಿ, ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಕಡಿಮೆಯಾಗುತ್ತವೆ. ಅವುಗಳ ಉತ್ಪತ್ತಿಯನ್ನು ಪ್ರಚೋದಿಸುವ ಔಷಧವೇ ಫಿಲ್‌ಗ್ರಾಸ್ಟಿಮ್. 1991ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮೋದನೆ ದೊರೆಯಿತು. ಕೀಮೊಥೆರಪಿಯಾಗಿ ಕನಿಷ್ಠ 24 ಗಂಟೆಗಳ ನಂತರ ಆರಂಭಿಸಿ, ವೈದ್ಯರು ಸೂಚಿಸಿದಷ್ಟು ದಿನ ದಿನಕ್ಕೊಂದರಂತೆ ಚರ್ಮದಡಿಯ ಕೊಬ್ಬಿನ ಪದರಕ್ಕೆ ಇದನ್ನು ನೀಡುತ್ತಾರೆ. ದೀರ್ಘಕಾಲ ಕೆಲಸ ಮಾಡುವ ಪೆಗ್‌ಫಿಲ್‌ಗ್ರಾಸ್ಟಿಮ್ ಆದರೆ ಚಿಕಿತ್ಸೆಯ ಪ್ರತಿ ಸುತ್ತಿಗೆ ಒಂದೇ ಸಾಕಾಗುತ್ತದೆ. ಸೂಜಿಯ ಭಯ ತೀವ್ರವಾಗಿರುವವರು ಈ ಆಯ್ಕೆ ತಮಗೆ ಹೊಂದುವುದೇ ಎಂದು ವೈದ್ಯರನ್ನು ಕೇಳಬಹುದು.

ಭಯದ ಎರಡು ಬಗೆ

ಕೆಲವರಿಗೆ ಸೂಜಿಯನ್ನು ಕಂಡೊಡನೆ ಎದೆ ಬಡಿತ ಹೆಚ್ಚಿ ಬೆವರು ಬರುತ್ತದೆ. ಅಂಥವರಿಗೆ ನಿಧಾನವಾದ ಉಸಿರಾಟ, ಹಾಡು, ಹತ್ತಿರದವರ ಮಾತು ನೆರವಾಗುತ್ತವೆ. ಇನ್ನು ಕೆಲವರಲ್ಲಿ ಎದೆ ಬಡಿತ ಮೊದಲು ಏರಿ, ಬಳಿಕ ರಕ್ತದೊತ್ತಡದೊಂದಿಗೆ ಥಟ್ಟನೆ ಇಳಿಯುತ್ತದೆ; ಕಣ್ಣು ಕತ್ತಲೆಗಟ್ಟಿ ಮೂರ್ಛೆ ಬರುತ್ತದೆ. ಇವರು ಮೈ ಸಡಿಲಿಸಿದರೆ ಪ್ರಯೋಜನವಾಗದು, ಮೈ ಬಿಗಿಗೊಳಿಸಬೇಕು.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಮತ್ತು ಸಂಗಡಿಗರು 1980ರ ದಶಕದಲ್ಲಿ ರೂಪಿಸಿದ ಕ್ರಮವಿದು. ಕುಳಿತು ತೋಳು, ಕಾಲು, ಹೊಟ್ಟೆಯ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ, ಬಿಗಿಹಿಡಿಯಬೇಕು. ನಂತರ 20ರಿಂದ 30 ಸೆಕೆಂಡು ಸಹಜ ಸ್ಥಿತಿಗೆ ಬಿಡಬೇಕು. ಹೀಗೆ ಐದು ಬಾರಿ ಮಾಡಬೇಕು. ಚುಚ್ಚುವ ಭಾಗ ಮಾತ್ರ ಸಡಿಲವಾಗಿರಲಿ. ಹೃದ್ರೋಗ ಅಥವಾ ಅಧಿಕ ರಕ್ತದೊತ್ತಡವಿರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳಿಯೇ ಇದನ್ನು ಮಾಡಬೇಕು. ಮೂರ್ಛೆ ಬರುವ ಅಭ್ಯಾಸವಿದ್ದವರು ಒಬ್ಬರೇ ಇದ್ದಾಗ ಚುಚ್ಚಿಕೊಳ್ಳಬಾರದು.

ಚುಚ್ಚುವ ಹೊತ್ತಿನಲ್ಲಿ

ಮದ್ದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ದೂರದ ಊರಿನಿಂದ ತರುವಾಗ ತಣ್ಣನೆಯ ಪೆಟ್ಟಿಗೆಯಲ್ಲಿ, ಮಂಜುಗಡ್ಡೆ ನೇರವಾಗಿ ತಾಗದಂತೆ ತರಬೇಕು. ತಣ್ಣಗಿರುವ ಮದ್ದು ಹೆಚ್ಚು ಉರಿಯುವುದರಿಂದ ಅರ್ಧ ಗಂಟೆ ಮೊದಲೇ ಹೊರಗಿಡಬೇಕು, ಬಿಸಿನೀರಿನಲ್ಲಿ ಅದ್ದಬಾರದು. ಕೈ ತೊಳೆದು, ಹೊಕ್ಕುಳಿನಿಂದ ಎರಡು ಅಂಗುಲ ಬಿಟ್ಟು ಹೊಟ್ಟೆಯನ್ನೋ ತೊಡೆಯ ಮುಂಭಾಗವನ್ನೋ ಆರಿಸಿಕೊಳ್ಳಬೇಕು. ಪ್ರತಿದಿನವೂ ಜಾಗ ಬದಲಿಸಬೇಕು. ಒರೆಸಿದ ಸ್ಪಿರಿಟ್ ಪೂರ್ಣ ಆರಿದ ಮೇಲೆ, ಚರ್ಮವನ್ನು ಬೆರಳುಗಳ ನಡುವೆ ಹಿಡಿದು ಸೂಜಿಯನ್ನು ಒಮ್ಮೆಗೇ ಒಳತೂರಿಸಿ, ಮದ್ದನ್ನು ನಿಧಾನವಾಗಿ ಒತ್ತಬೇಕು. ಹಿಂಜರಿಯುತ್ತ ಮೆಲ್ಲಗೆ ಚುಚ್ಚಿದರೆ ನೋವು ಹೆಚ್ಚು. ಬಳಿಕ ಉಜ್ಜಬಾರದು. ಬಳಸಿದ ಸಿರಿಂಜಿಗೆ ಮತ್ತೆ ಮುಚ್ಚಳ ಹಾಕದೆ, ಗಟ್ಟಿ ಡಬ್ಬಿಯಲ್ಲಿ ಮಕ್ಕಳ ಕೈಗೆಟುಕದಂತೆ ಇಟ್ಟು, ಆಸ್ಪತ್ರೆ ಹೇಳಿದಂತೆ ವಿಲೇವಾರಿ ಮಾಡಬೇಕು.

ಭಾಷೆ ಮತ್ತು ನೆರವು

ಗಡಿನಾಡಿನ ಕನ್ನಡಿಗರಿಗೆ ಆಸ್ಪತ್ರೆಯ ಸೂಚನೆಗಳು ಮಲಯಾಳ, ಮರಾಠಿ ಅಥವಾ ಇಂಗ್ಲಿಷಿನಲ್ಲಿ ದೊರೆಯಬಹುದು. ಅರ್ಧ ತಿಳಿದ ಸೂಚನೆ ಭಯವನ್ನು ಇಮ್ಮಡಿಸುತ್ತದೆ. ಆದ್ದರಿಂದ ಬಿಡುಗಡೆಗೆ ಮೊದಲೇ ಭಾಷೆ ಬಲ್ಲವರನ್ನು ಜೊತೆಗಿರಿಸಿಕೊಂಡು, ಪ್ರತಿಯೊಂದು ಹಂತವನ್ನೂ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವುದು ಒಳಿತು. ಮೊದಲ ಚುಚ್ಚುಮದ್ದನ್ನು ದಾದಿಯ ಎದುರಿನಲ್ಲೇ ಸ್ವತಃ ತೆಗೆದುಕೊಂಡರೆ ಧೈರ್ಯ ಬರುತ್ತದೆ. ಆದರೂ ಸಾಧ್ಯವಾಗದಿದ್ದರೆ ಮನೆಯವರೊಬ್ಬರು ಕಲಿಯಬಹುದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೆರವು ಕೇಳಬಹುದು. ಇನ್ನೊಬ್ಬರ ಕೈಯಿಂದ ತೆಗೆದುಕೊಂಡ ಮದ್ದಿನ ಗುಣವೇನೂ ಕಡಿಮೆಯಾಗದು.

ಫಿಲ್‌ಗ್ರಾಸ್ಟಿಮ್‌ನಿಂದ ಎಲುಬು ನೋವು ಬರುವುದು ಸಾಮಾನ್ಯ. ಅದಕ್ಕೆ ಯಾವ ಮಾತ್ರೆ ಎಂದು ವೈದ್ಯರನ್ನೇ ಕೇಳಬೇಕು, ಏಕೆಂದರೆ ಕೆಲವು ಮಾತ್ರೆಗಳು ಜ್ವರವನ್ನು ಮರೆಮಾಚುತ್ತವೆ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಒಂದು ದಿನದ ಮದ್ದು ತಪ್ಪಿದ್ದರೆ ಮರುದಿನ ಎರಡು ಚುಚ್ಚಿಕೊಳ್ಳಬಾರದು. ಭಯದಿಂದ ತಪ್ಪಿತೆಂದು ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಮುಂದೇನು ಮಾಡಬೇಕೆಂಬುದನ್ನು ಅವರು ನಿರ್ಧರಿಸಲು ಆ ಮಾಹಿತಿ ಅಗತ್ಯ.