ಕತ್ತಲ ಮೋಡಗಳಿಗೆ ಮೂರನೇ ಆಯಾಮ

ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್ 1919ರಲ್ಲಿ ಆಕಾಶದ 182 ಕಪ್ಪು ತೇಪೆಗಳ ಪಟ್ಟಿ ಪ್ರಕಟಿಸಿದಾಗ, ಅವು ನಕ್ಷತ್ರಗಳಿಲ್ಲದ ಬರಿ ಜಾಗಗಳೋ ಹಿಂದಿನ ಬೆಳಕನ್ನು ನುಂಗುವ ಮೋಡಗಳೋ ಎಂಬ ವಾದ ಪೂರ್ತಿ ಮುಗಿದಿರಲಿಲ್ಲ. 1930ರಲ್ಲಿ ರಾಬರ್ಟ್ ಟ್ರಂಪ್ಲರ್ ತಾರಾಗುಚ್ಛಗಳ ಗಾತ್ರವನ್ನೂ ಪ್ರಕಾಶವನ್ನೂ ತಾಳೆ ನೋಡಿದರು. ದೂರದ ಗುಚ್ಛಗಳು ಇರಬೇಕಾದ್ದಕ್ಕಿಂತ ಮಂಕಾಗಿದ್ದವು. ನಡುವೆ ದೂಳಿದೆ ಎಂಬುದು ಅಲ್ಲಿಗೆ ಖಚಿತವಾಯಿತು. 1998ರಲ್ಲಿ ಶ್ಲೇಗಲ್, ಫಿಂಕ್‌ಬೈನರ್ ಮತ್ತು ಡೇವಿಸ್ ಇಡೀ ಆಗಸದ ದೂಳಿನ ನಕ್ಷೆಯನ್ನೇ ಬಿಡಿಸಿದರು. ಇಂದಿಗೂ ಬಳಕೆಯಲ್ಲಿರುವ ಆ ನಕ್ಷೆಗೆ ಒಂದೇ ಕೊರತೆ: ಅದು ಚಪ್ಪಟೆ. ಯಾವ ಮೋಡ ಮುಂದೆ, ಯಾವುದು ಹಿಂದೆ ಎಂದು ಅದು ಹೇಳುವುದಿಲ್ಲ.

ಆಳ ಅಳೆಯುವ ಉಪಾಯವೇನೋ ಸರಳ. ದೂಳು ನೀಲಿ ಬೆಳಕನ್ನು ಹೆಚ್ಚು ತಡೆಯುವುದರಿಂದ ಹಿಂದಿನ ನಕ್ಷತ್ರ ಕೆಂಪೇರುತ್ತದೆ. ಒಂದೇ ದಿಕ್ಕಿನಲ್ಲಿ 400 ಜ್ಯೋತಿರ್ವರ್ಷ ದೂರದ ನಕ್ಷತ್ರ ಸಹಜ ಬಣ್ಣದಲ್ಲಿದ್ದು, 500 ಜ್ಯೋತಿರ್ವರ್ಷ ದೂರದ್ದು ಕೆಂಪಾಗಿದ್ದರೆ ಮೋಡ ಅವೆರಡರ ನಡುವೆ ಇದೆ ಎಂದರ್ಥ. ತೊಡಕಿದ್ದದ್ದು ನಕ್ಷತ್ರಗಳ ದೂರದಲ್ಲಿ. 2013ರ ಡಿಸೆಂಬರ್‌ನಲ್ಲಿ ಹಾರಿದ ಯುರೋಪಿನ ಗಯಾ ನೌಕೆ ಅದನ್ನು ಬಿಡಿಸಿತು. 2018ರಲ್ಲಿ ಬಂದ ಅದರ ದತ್ತಾಂಶದ ಎರಡನೇ ಕಂತಿನಲ್ಲಿ 130 ಕೋಟಿಗೂ ಹೆಚ್ಚು ನಕ್ಷತ್ರಗಳ ದೂರ ಲೆಕ್ಕಹಾಕಲು ಬೇಕಾದ ಅಳತೆಗಳಿದ್ದವು.

ಮೊದಮೊದಲ ಮೂರು ಆಯಾಮದ ನಕ್ಷೆಗಳನ್ನು ನೋಡಿದರೆ ನಗು ಬರುತ್ತದೆ. ಮೋಡಗಳೆಲ್ಲ ಉದ್ದುದ್ದ ಎಳೆದುಕೊಂಡು ಸೂರ್ಯನತ್ತಲೇ ಬೊಟ್ಟು ಮಾಡುತ್ತವೆ! ಅದು ಪ್ರಕೃತಿಯ ಚಮತ್ಕಾರವಲ್ಲ, ದೂರದ ಅಳತೆಯಲ್ಲಿದ್ದ ಅಸ್ಪಷ್ಟತೆಯ ಫಲ. ಪ್ರತಿ ದಿಕ್ಕನ್ನೂ ಬಿಡಿಬಿಡಿಯಾಗಿ ನೋಡದೆ, ಅಕ್ಕಪಕ್ಕದ ದೂಳಿಗೆ ನಂಟಿರುತ್ತದೆಂದು ಗಣಿತದಲ್ಲೇ ಸೇರಿಸಿದ ಲೈಕೆ ಮತ್ತು ಎನ್ಸ್‌ಲಿನ್ ತಂಡದ 2020ರ ನಕ್ಷೆಯಲ್ಲಿ ಈ ದೋಷ ಬಹಳಷ್ಟು ತಗ್ಗಿತು. 2024ರಲ್ಲಿ ಎಡೆನ್‌ಹೋಫರ್ ಮತ್ತು ಸಂಗಡಿಗರು 5.4 ಕೋಟಿ ನಕ್ಷತ್ರಗಳನ್ನು ಬಳಸಿ ಸುಮಾರು 4,000 ಜ್ಯೋತಿರ್ವರ್ಷದವರೆಗೆ ಅದೇ ಬಗೆಯ ನಕ್ಷೆಯನ್ನು ವಿಸ್ತರಿಸಿದರು.

ನಕ್ಷತ್ರಗಳು ಹುಟ್ಟುವ ತಾಣಗಳಾದ ಈ ಮೋಡಗಳ ಬಗ್ಗೆ ನಾವು ನಂಬಿದ್ದ ಎಷ್ಟೋ ಚಿತ್ರಗಳು ಇಂಥ ಅಳತೆಗಳಿಂದ ಕದಲಿದವು. ಹತ್ತಿರದ ಇಂಥ ತಾಣಗಳೆಲ್ಲ ಒಂದು ಉಂಗುರದಲ್ಲಿವೆ ಎಂಬ 19ನೇ ಶತಮಾನದ 'ಗೂಲ್ಡ್ ಪಟ್ಟಿ'ಯ ಕಲ್ಪನೆ 2020ರಲ್ಲಿ ನೆಲ ಕಳೆದುಕೊಂಡಿತು. ಅವುಗಳಲ್ಲಿ ಹಲವು ಸುಮಾರು 9,000 ಜ್ಯೋತಿರ್ವರ್ಷ ಉದ್ದದ 'ರ‍್ಯಾಡ್‌ಕ್ಲಿಫ್ ಅಲೆ'ಯ ತುಣುಕುಗಳೆಂದು ಜೊಆವೊ ಆಲ್ವೆಸ್ ತಂಡ ತೋರಿಸಿತು. ಮರುವರ್ಷ, ಪರ್ಸಿಯಸ್ ಮತ್ತು ಟಾರಸ್ ಮೋಡಗಳು ಸುಮಾರು 500 ಜ್ಯೋತಿರ್ವರ್ಷ ಅಗಲದ ಒಂದೇ ಟೊಳ್ಳುಗೋಳದ ಎದುರುಬದುರು ಗೋಡೆಗಳ ಮೇಲಿವೆ ಎಂದು ಶ್ಮುಯೆಲ್ ಬಿಯಾಲಿ ಮತ್ತಿತರರು ಕಂಡುಕೊಂಡರು. ಹಿಂದೆ ಸಿಡಿದ ಸೂಪರ್‌ನೋವಾಗಳು ಅನಿಲ, ದೂಳನ್ನು ಅತ್ತಿತ್ತ ತಳ್ಳಿ ಒತ್ತಿದ್ದರಿಂದ ಈ ಗೋಳ ಆಗಿರಬೇಕೆಂಬುದು ಅವರ ವಾದ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕ್ಯಾಲಿಫೋರ್ನಿಯಾ ಮೋಡದ ಪ್ರಕರಣ. ಓರಿಯಾನ್-ಎ ಮೋಡದಷ್ಟೇ ದ್ರವ್ಯರಾಶಿ ಇದ್ದರೂ ಅದರಲ್ಲಿ ನಕ್ಷತ್ರಗಳು ಹುಟ್ಟುವುದು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು. 2022ರಲ್ಲಿ ರೆಜಾಯಿ ಮತ್ತು ಕೈನುಲೈನೆನ್ ಕೊಟ್ಟ ಉತ್ತರ: ಅದು ನಮ್ಮ ನೋಟದ ದಿಕ್ಕಿನಲ್ಲೇ ಉದ್ದಕ್ಕೆ ಚಾಚಿದ ಹಾಳೆಯಂಥ ಮೋಡ. ಚಪ್ಪಟೆ ಚಿತ್ರದಲ್ಲಿ ದಟ್ಟವಾಗಿ ಕಂಡರೂ ನಿಜದಲ್ಲಿ ವಿರಳ.

ಆದರೂ ಮೋಡ ತೀರ ದಟ್ಟವಾದಲ್ಲಿ ಈ ವಿಧಾನ ಕೈಕೊಡುತ್ತದೆ. ಹಿಂದಿನ ನಕ್ಷತ್ರಗಳ ಬೆಳಕೇ ಗಯಾಗೆ ತಲುಪುವುದಿಲ್ಲ. ನಕ್ಷತ್ರಗಳು ನಿಜವಾಗಿ ಹುಟ್ಟುವ ಒಳತಿರುಳುಗಳೇ ಇಂದಿನ ನಕ್ಷೆಗಳಲ್ಲಿ ಅತ್ಯಂತ ಮಸುಕಾದ ಭಾಗಗಳು. ಅಲ್ಲಿಗೆ ಅವಕೆಂಪು ಸಮೀಕ್ಷೆಗಳೇ ಬೇಕು. ಗಯಾ ಅಂತೂ 2025ರ ಜನವರಿಯಲ್ಲೇ ವೀಕ್ಷಣೆ ನಿಲ್ಲಿಸಿದೆ.